ಎತ್ತರಿಸಿದ ಪಿಕಪ್ ವಾಹನ: ಮುಂಚಕ್ರಗಳ ಜೋಡಣೆಯ ಕ್ರಮ

ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳಲ್ಲಿ ಮೆಕ್ಕೆಜೋಳ, ಭತ್ತ, ಶುಂಠಿ, ಅಡಿಕೆಗಳನ್ನು ಹೊಲ-ತೋಟಗಳಿಂದ ಮಂಡಿಗೆ ಸಾಗಿಸಲು ಪಿಕಪ್ ವಾಹನಗಳು ಬಹು ಉಪಯುಕ್ತ. ಮಳೆಗಾಲದ ಕೆಸರುಹಾದಿಯಲ್ಲಿ ತಳ ತಾಗದಿರಲೆಂದು ಮುಂಭಾಗವನ್ನು ಒಂದೆರಡು ಅಂಗುಲ ಎತ್ತರಿಸುವುದುಂಟು. ಅನಂತರ ಚಕ್ರಗಳ ಕೋನಗಳನ್ನು ಸರಿಪಡಿಸದಿದ್ದಲ್ಲಿ ಟೈರಿನ ವೆಚ್ಚ ಏರುವುದಲ್ಲದೆ ಚಾಲಕನ ಸುರಕ್ಷತೆಗೂ ಧಕ್ಕೆಯುಂಟಾಗುತ್ತದೆ.

ಮೂರು ಕೋನಗಳು

ಮೇಲಿನಿಂದ ನೋಡಿದಾಗ ಚಕ್ರಗಳು ಒಳಮುಖ ಅಥವಾ ಹೊರಮುಖವಾಗಿರುವ ಪ್ರಮಾಣವೇ ‘ಟೋ’. ಎದುರಿನಿಂದ ಕಾಣುವ ಚಕ್ರದ ಓರೆ ‘ಕ್ಯಾಂಬರ್’. ಪಕ್ಕದಿಂದ ನೋಡಿದಾಗ ಸ್ಟಿಯರಿಂಗ್ ಅಕ್ಷಕ್ಕಿರುವ ಓರೆ ‘ಕ್ಯಾಸ್ಟರ್’. ಒಂದು ಚಕ್ರದ ಟೋ ಒಂದು ಡಿಗ್ರಿ ತಪ್ಪಿದರೂ ಟೈರು ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅಡ್ಡಲಾಗಿ ಉಜ್ಜಿದಂತಾಗುತ್ತದೆ. ಕ್ಯಾಂಬರ್ ಕೆಟ್ಟರೆ ಟೈರಿನ ಒಂದೇ ಅಂಚು ಸವೆಯುತ್ತದೆ. ಕ್ಯಾಸ್ಟರ್ ಕುಗ್ಗಿದರೆ ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳದು.

ಪ್ರತ್ಯೇಕ ತೋಳುಗಳುಳ್ಳ ಸಸ್ಪೆನ್ಷನ್‌ನಲ್ಲಿ ಎತ್ತರ ಹೆಚ್ಚಿದಂತೆ ತೋಳುಗಳು ಕೆಳಕ್ಕೆ ಬಾಗಿ ಮೂರೂ ಕೋನಗಳು ಬದಲಾಗಬಹುದು. ಲೀಫ್ ಸ್ಪ್ರಿಂಗ್ ಮೇಲಿನ ಇಡಿಯ ಆಕ್ಸಲ್‌ನಲ್ಲಿ ಕ್ಯಾಂಬರ್ ಬಹುತೇಕ ಹಾಗೆಯೇ ಉಳಿಯುತ್ತದೆ. ಕ್ಯಾಸ್ಟರ್ ವ್ಯತ್ಯಾಸವಾದಲ್ಲಿ ಸ್ಪ್ರಿಂಗ್ ಹಾಗೂ ಆಕ್ಸಲ್ ನಡುವೆ ಬೆಣೆಯಾಕಾರದ ತಗಡಿಟ್ಟು ಸರಿಪಡಿಸಲಾಗುತ್ತದೆ.

ಸರಿಪಡಿಸುವ ಕ್ರಮ

ಮೊದಲು ಬಾಲ್ ಜಾಯಿಂಟ್, ಬುಷ್, ಟೈ ರಾಡ್ ತುದಿಗಳ ಸಡಿಲವನ್ನು ಪರೀಕ್ಷಿಸತಕ್ಕದ್ದು. ಸವೆದ ಭಾಗಗಳ ಮೇಲೆ ಮಾಡಿದ ಜೋಡಣೆ ನಿಲ್ಲದು. ಟೈರಿನ ಗಾಳಿ ಸಮವಾಗಿರಬೇಕು, ನೆಲ ಸಮತಟ್ಟಾಗಿರಬೇಕು. ಕ್ಯಾಸ್ಟರ್ ಹಾಗೂ ಕ್ಯಾಂಬರ್ ಮೊದಲು, ಟೋ ಕೊನೆಗೆ. ಏಕೆಂದರೆ ಮೊದಲೆರಡನ್ನು ತಿರುಗಿಸಿದಾಗ ಟೋ ಮತ್ತೆ ಬದಲಾಗುತ್ತದೆ. ಅಳತೆಗಳಿಗೆ ತಯಾರಕರ ಕೈಪಿಡಿಯೇ ಪ್ರಮಾಣ. ಹೊಂದಾಣಿಕೆಯ ಮಿತಿಯೊಳಗೆ ಕೋನಗಳು ಬಾರದಿದ್ದಲ್ಲಿ ಎತ್ತರವನ್ನೇ ತಗ್ಗಿಸುವುದು ವಿವೇಕ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮರುಪರೀಕ್ಷೆ ಅವಶ್ಯ. ಹೆಡ್‌ಲೈಟಿನ ಬೆಳಕನ್ನೂ ತಗ್ಗಿಸಿ ಹೊಂದಿಸಬೇಕು.

ಕಾನೂನಿನ ಎಚ್ಚರಿಕೆ

ಮೋಟಾರು ವಾಹನ ಕಾಯಿದೆ 1988ರ 52ನೇ ಕಲಮು ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದುದರಿಂದ ಸಾರಿಗೆ ಕಚೇರಿಯನ್ನು ಮೊದಲೇ ವಿಚಾರಿಸುವುದು ಕ್ಷೇಮ. ಅನೇಕ ವೇಳೆ ವಾಹನ ತಗ್ಗಿರುವುದು ಕುಸಿದ ಸ್ಪ್ರಿಂಗುಗಳಿಂದ. ತಯಾರಕರು ಸೂಚಿಸಿದ ಹೊಸ ಸ್ಪ್ರಿಂಗು ಹಾಕಿದರೆ ಮೂಲ ಎತ್ತರ ಮರಳುವುದು. ಆಗಲೂ ಜೋಡಣೆ ಪರೀಕ್ಷಿಸದೆ ಸರಕು ಹೇರಬಾರದು.