ಮನೆಯಿಂದ ಪೇಟೆಗೆ ಎಷ್ಟು ದೂರ?

ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಆಲಮಟ್ಟಿಗೆ ಹೋಗಿದ್ದೀರಾ? ಕೃಷ್ಣಾ ನದಿಗೆ ಕಟ್ಟಿದ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ, ಪಕ್ಕದಲ್ಲೇ ರಾಕ್ ಗಾರ್ಡನ್, ಸಂಗೀತ ಕಾರಂಜಿ. ಅಜ್ಜಿಯಿಂದ ಹಿಡಿದು ಮೊಮ್ಮಗುವಿನ ತನಕ ಎಲ್ಲರೂ ನೆರಳಲ್ಲಿ ಕುಳಿತು ಬುತ್ತಿ ಬಿಚ್ಚುವ ತಾಣವದು. ಆದರೆ ಊರಿಗೆ ಮರಳಿದ ಮೇಲೆ ಅಂಥದೊಂದು ಜಾಗ ನಿಮ್ಮ ಓಣಿಯ ಹತ್ತಿರ ಇದೆಯೇ? ಯಾರ ಬೈಕಿಗೂ ಕಾಯದೆ ನೀವು ಅಲ್ಲಿಗೆ ಹೋಗಬಲ್ಲಿರಾ?

ಇದು ಹೆಂಗಸರ ಅನುಕೂಲದ ಪ್ರಶ್ನೆ ಮಾತ್ರವಲ್ಲ. ಏರುತ್ತಿರುವ ಭೂಮಿಯ ಬಿಸಿಗೂ ಇದಕ್ಕೂ ನಂಟಿದೆ.

ನೀರು ಸರಿಸಿದ ಊರು

ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯ ಹಲವು ಬಡಾವಣೆಗಳನ್ನು ಮುಳುಗಿಸಿತು. ಮನೆ ಕಳೆದುಕೊಂಡವರಿಗಾಗಿ ಸೆಕ್ಟರುಗಳ ನವನಗರ ಎದ್ದು ನಿಂತಿತು. ಇಂದು ಬಾಗಲಕೋಟೆಯೆಂದರೆ ಹಳೆಯ ಊರು, ವಿದ್ಯಾಗಿರಿ, ನವನಗರ ಹೀಗೆ ಮೂರು ಭಾಗ. ನೀರಿಗೆ ಸಿಕ್ಕ ಊರು ಹೀಗೆ ಹರಡಿದರೆ, ನೀರಿನ ಕಾಟವಿಲ್ಲದ ಊರುಗಳೂ ಹೊಸ ಲೇಔಟುಗಳಾಗಿ ಹರಡುತ್ತಿವೆ. ಮನೆ ಒಂದೆಡೆ, ಶಾಲೆ ಇನ್ನೊಂದೆಡೆ, ಸಂತೆ ಮತ್ತೊಂದೆಡೆ.

ದೂರ ಹೆಚ್ಚಿದಲ್ಲಿ ಬಸ್ಸು ಇಲ್ಲದಿದ್ದರೆ ಮನೆಗೊಂದು ಬೈಕು ಬರುತ್ತದೆ. ಅದನ್ನೇರಿ ಗಂಡ ಕೆಲಸಕ್ಕೆ ಹೋದ ಮೇಲೆ ಅತ್ತೆಯ ಔಷಧಿ ತರಲೂ ಸಂಜೆಯ ತನಕ ಕಾಯಬೇಕು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಅದೇ ಐವತ್ತು ಮಂದಿ ಒಂದು ಬಸ್ಸಿನಲ್ಲಿ ಕುಳಿತರೆ ಇಪ್ಪತ್ತೈದು ಬೈಕುಗಳು ಮನೆಯಲ್ಲೇ ಉಳಿಯುತ್ತವೆ.

2022ರಲ್ಲಿ ಐರೋಪ್ಯ ಒಕ್ಕೂಟವು 112 ನಗರಗಳನ್ನು ಆರಿಸಿ, 2030ರೊಳಗೆ ಅವು ಹವಾಮಾನ ತಟಸ್ಥವಾಗಬೇಕೆಂಬ ಗುರಿ ಇಟ್ಟಿತು. ಅಂದರೆ ಊರು ಉಗುಳುವ ಇಂಗಾಲವನ್ನು ಆದಷ್ಟು ತಗ್ಗಿಸಿ, ಉಳಿದಷ್ಟನ್ನು ಮರ, ಮಣ್ಣು ಹೀರಿಕೊಳ್ಳುವಂತೆ ಮಾಡುವುದು. ಅದಕ್ಕೆ ಅವರು ಹಿಡಿದಿರುವ ದಾರಿಗಳಲ್ಲಿ ಕಾಲುದಾರಿ, ಸೈಕಲ್ ದಾರಿ, ಬಸ್ಸು, ಉದ್ಯಾನಗಳೂ ಇವೆ.

ಟಿಕೆಟ್ ಇಲ್ಲ, ನೆರಳೂ ಇಲ್ಲ

ನಮ್ಮಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ರಾಜ್ಯದ ಮಹಿಳೆಯರು ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸುವಂತಾಯಿತು. ತವರಿಗೋ ಆಸ್ಪತ್ರೆಗೋ ಹೋಗಲು ಕೈಚಾಚುವ ಕಷ್ಟ ತಪ್ಪಿತು. ಆದರೆ ಟಿಕೆಟ್ ಉಚಿತವಾದರೆ ಸಾಲದು. ಮಗುವನ್ನು ಎತ್ತಿಕೊಂಡ ತಾಯಿ ವಿಜಯಪುರ ಸೀಮೆಯ ಬೇಸಿಗೆಯಲ್ಲಿ ನೆರಳಿಲ್ಲದ ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಂತಾಳು? ಬೀದಿ ದೀಪವಿಲ್ಲದ ದಾರಿಯಲ್ಲಿ ಕಾಲೇಜಿನ ಹುಡುಗಿ ಹೇಗೆ ನಡೆದಾಳು? ಹೀಗಾದಾಗ ಕೈಗೂಡಿದವರು ಸ್ಕೂಟರು ಕೊಳ್ಳುತ್ತಾರೆ. ಕೈಗೂಡದವರು ಮನೆಯಲ್ಲೇ ಉಳಿಯುತ್ತಾರೆ.

ನೀವೇನು ಮಾಡಬಹುದು?

ನಿಮ್ಮ ಓಣಿಯ ಹತ್ತು ಮನೆಯ ಹೆಂಗಸರು ಸೇರಿ ಪಟ್ಟಿ ಮಾಡಿ: ಎಲ್ಲಿ ಕಾಲುದಾರಿ ಮುರಿದಿದೆ, ಎಲ್ಲಿ ದೀಪವಿಲ್ಲ, ಯಾವ ನಿಲ್ದಾಣಕ್ಕೆ ಸೂರಿಲ್ಲ. ಸಹಿ ಹಾಕಿ ನಗರಸಭೆಗೋ ಪಂಚಾಯಿತಿಗೋ ಕೊಡಿ. ನಿಲ್ದಾಣದ ಬದಿಗೆ ಬೇವು, ಹೊಂಗೆಯ ಸಸಿ ಕೇಳಿ. ನೀರೆರೆಯುವ ಹೊಣೆ ನೀವೇ ಹೊರಿ. ಹತ್ತು ನಿಮಿಷದ ದಾರಿಗೆ ಮಗನ ಬೈಕು ಬೇಡ, ಜೊತೆಗೊಬ್ಬರನ್ನು ಕರೆದುಕೊಂಡು ನಡೆಯಿರಿ. ಹೆಂಗಸರು ನಡೆದಾಡುವ ಬೀದಿ ತಾನಾಗಿಯೇ ಸುರಕ್ಷಿತವಾಗುತ್ತದೆ.

ಆಲಮಟ್ಟಿಯ ಜಲವಿದ್ಯುತ್ ಕೇಂದ್ರಕ್ಕೆ 290 ಮೆಗಾವ್ಯಾಟ್ ವಿದ್ಯುತ್ತನ್ನು ಹೊಗೆಯಿಲ್ಲದೆ ಉತ್ಪಾದಿಸುವ ಸಾಮರ್ಥ್ಯವಿದೆ. ಅದನ್ನು ನೋಡಲು ನಾವು ಮಾತ್ರ ಹೊಗೆಯುಗುಳುತ್ತಾ ಹೋಗಬೇಕೇ? ವಿಜಯಪುರ, ಬಾಗಲಕೋಟೆ ಎರಡೂ ಕಡೆಯಿಂದ ಅಲ್ಲಿಗೆ ರೈಲಿದೆ, ಬಸ್ಸಿದೆ. ಮುಂದಿನ ರಜೆಗೆ ಬುತ್ತಿ ಕಟ್ಟಿಕೊಂಡು ಹಾಗೆ ಹೋಗಿ ಬನ್ನಿ. ಕಿಟಕಿಯ ಪಕ್ಕದ ಸೀಟಿಗಾಗಿ ಮಕ್ಕಳು ಜಗಳವಾಡಿದರೆ ಆಡಲಿ ಬಿಡಿ.