ನಿಮ್ಮ ಆರೋಗ್ಯ, ನಿಮ್ಮ ವಿಮೆಯ ಕಂತು



‘ಕಂತು’ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಎರಡು ಅರ್ಥಗಳಿವೆ. ಧಾರಾವಾಹಿಯ ಕಂತು ಒಂದು, ಅಪ್ಪ ಅಥವಾ ಅಮ್ಮ ಕಟ್ಟುವ ವಿಮೆಯ ಕಂತು ಇನ್ನೊಂದು. ಈ ಎರಡನೆಯ ಕಂತಿನ ಮೊತ್ತವನ್ನು ಹೇಗೆ ನಿಗದಿ ಮಾಡುತ್ತಾರೆ ಎಂದು ನೀವು ಎಂದಾದರೂ ಕೇಳಿದ್ದೀರಾ? ಒಂದೇ ಕಚೇರಿಯಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡುವ, ಒಂದೇ ವಯಸ್ಸಿನ ಇಬ್ಬರು ಒಂದೇ ಮೊತ್ತಕ್ಕೆ ಜೀವವಿಮೆ ಮಾಡಿಸಿದರೂ ಒಬ್ಬರಿಗೆ ಕಂತು ಕಡಿಮೆ, ಇನ್ನೊಬ್ಬರಿಗೆ ಹೆಚ್ಚು ಬರುವುದುಂಟು. ತರಕಾರಿ ಅಂಗಡಿಯಲ್ಲಿ ಹೀಗಾದರೆ ಜಗಳವೇ ಆಗುತ್ತದೆ. ವಿಮೆಯಲ್ಲಿ ಇದು ಸರಿ ಎನ್ನುತ್ತಾರಲ್ಲ, ಏಕೆ?

ಒಂದು ಸಣ್ಣ ಲೆಕ್ಕ ಮಾಡೋಣ. ಸುಲಭವಾಗಲೆಂದು ಊಹಿಸಿಕೊಂಡ ಅಂಕಿಗಳಿವು. 35 ವರ್ಷದ 1000 ಮಂದಿ ಕೂಡಿ, ತಮ್ಮಲ್ಲಿ ಯಾರಾದರೂ ಈ ವರ್ಷ ತೀರಿಕೊಂಡರೆ ಅವರ ಮನೆಯವರಿಗೆ 1 ಲಕ್ಷ ರೂಪಾಯಿ ಕೊಡಬೇಕೆಂದು ಒಪ್ಪಿಕೊಂಡರು. ಇಂಥ ಸಾವಿರ ಜನರಲ್ಲಿ ವರ್ಷಕ್ಕೆ ಇಬ್ಬರು ತೀರಿಕೊಳ್ಳುತ್ತಾರೆ ಎಂದು ಹಿಂದಿನ ಅನುಭವ ಹೇಳುತ್ತದೆ ಎನ್ನಿ. ಬೇಕಾದ ಹಣ 2 ಲಕ್ಷ, ತಲಾ 200 ರೂಪಾಯಿ. ಪಕ್ಕದಲ್ಲಿ ಇನ್ನೂ 1000 ಮಂದಿಯ ಗುಂಪೊಂದಿದೆ. ವಯಸ್ಸು ಅದೇ, ಆದರೆ ಅವರ ಆರೋಗ್ಯ ಕೆಟ್ಟಿದೆ, ಅಲ್ಲಿ ವರ್ಷಕ್ಕೆ ನಾಲ್ವರು ತೀರಿಕೊಳ್ಳುತ್ತಾರೆ. ಅವರಿಗೆ ತಲಾ 400 ಬೇಕು.

‘ಎಲ್ಲರನ್ನೂ ಕೂಡಿಸಿ ಸಮನಾಗಿ ಹಂಚಿದರೆ ಆಗದೇ?’ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆಯೇ. 2000 ಮಂದಿ, ಆರು ಸಾವು, ತಲಾ 300. ಆದರೆ ಸೇರುವುದು ಬಿಡುವುದು ಅವರವರ ಇಷ್ಟ ಎಂದಾಗ, ಆರೋಗ್ಯವಂತರು 200ರ ಸರಕಿಗೆ 300 ಏಕೆ ಕೊಡಬೇಕೆಂದು ಹೊರಗೆ ನಡೆಯುತ್ತಾರೆ. ಉಳಿದ ಸಾವಿರ ಮಂದಿಯಿಂದ ಬರುವುದು 3 ಲಕ್ಷ, ಕೊಡಬೇಕಾದದ್ದು 4 ಲಕ್ಷ. ನಿಧಿ ಬರಿದಾಗುತ್ತದೆ. ವಿಮೆಯವರು ಪ್ರತಿಯೊಬ್ಬರ ಆರೋಗ್ಯವನ್ನು ಕೆದಕಿ ಕೇಳುವುದಕ್ಕೆ ಮೂಲ ಕಾರಣ ಈ ಭಯ.

ಈ ತರ್ಕಕ್ಕೆ ಇನ್ನೊಂದು ಮಗ್ಗುಲೂ ಇದೆ. ಯಾರೂ ಹೊರಗೆ ಹೋಗದಂತೆ ಮಾಡಿದರೆ, ಅಥವಾ ಕೋಟಿಗಟ್ಟಲೆ ಜನ ಒಮ್ಮೆಗೇ ಒಳಗೆ ಬಂದರೆ, ಸಮನಾದ ಹಂಚಿಕೆ ನಡೆಯುತ್ತದೆ. 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಜೀವವಿಮೆ ಆರಂಭಿಸಿತು. ಅದರ ಮುಂದುವರಿಕೆಯಾದ ಕರ್ನಾಟಕ ಸರಕಾರಿ ವಿಮಾ ಇಲಾಖೆಯ ವಿಮೆ ರಾಜ್ಯದ ನೌಕರರಿಗೆ ಕಡ್ಡಾಯ. 2015ರಲ್ಲಿ ಬಂದ ಪ್ರಧಾನ ಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯಲ್ಲಿ 18ರಿಂದ 50 ವರ್ಷದೊಳಗೆ ಸೇರಿದ ಯಾರಿಗೇ ಆಗಲಿ 2 ಲಕ್ಷದ ವಿಮೆಗೆ ಒಂದೇ ದರ. ಮೊದಲು ವರ್ಷಕ್ಕೆ 330 ರೂಪಾಯಿ ಇದ್ದದ್ದು 2022ರ ಜೂನ್‌ನಿಂದ 436 ಆಯಿತು. ಅಲ್ಲಿ ವೈದ್ಯ ಪರೀಕ್ಷೆಯಿಲ್ಲ. ದೊಡ್ಡ ಮೊತ್ತದ ಸ್ವಂತ ಪಾಲಿಸಿ ಬೇಕೆಂದಾಗಲೇ ವಿಚಾರಣೆ ಶುರುವಾಗುವುದು.

ವಿಚಾರಣೆಯ ಮೊದಲ ಪ್ರಶ್ನೆ ವಯಸ್ಸು. ಇದಕ್ಕೂ ಇತಿಹಾಸವಿದೆ. ಧೂಮಕೇತುವಿಗೆ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿಯನ್ನು ನೀವು ಬಲ್ಲಿರಿ. ಆತ 1693ರಲ್ಲಿ ಬ್ರೆಸ್ಲೌ ನಗರದ ಜನನ ಮರಣಗಳ ದಾಖಲೆಯಿಂದ, ಯಾವ ವಯಸ್ಸಿನಲ್ಲಿ ಎಷ್ಟು ಮಂದಿ ಸಾಯುತ್ತಾರೆ ಎಂಬ ಕೋಷ್ಟಕ ಮಾಡಿದ. ಅನಂತರ ಜೇಮ್ಸ್ ಡಾಡ್ಸನ್ ಎಂಬ ಲಂಡನ್ನಿನ ಗಣಿತಜ್ಞನಿಗೆ, 45 ದಾಟಿದೆ ಎಂಬ ಕಾರಣಕ್ಕೆ ಅಲ್ಲಿನ ಒಂದು ವಿಮಾ ಸಂಘ ಪ್ರವೇಶ ನಿರಾಕರಿಸಿತು. ವಯಸ್ಸಾದವರನ್ನು ಹೊರಗಿಡುವ ಬದಲು ಅವರವರ ವಯಸ್ಸಿಗೆ ತಕ್ಕ ಕಂತು ಪಡೆಯಬಹುದಲ್ಲ ಎಂದು ಆತ ಲೆಕ್ಕ ಹಾಕಿದ. ಅವನು ತೀರಿಕೊಂಡ ಮೇಲೆ, 1762ರಲ್ಲಿ, ಆ ಲೆಕ್ಕದ ಮೇಲೆಯೇ ಈಕ್ವಿಟಬಲ್ ಎಂಬ ಸಂಸ್ಥೆ ಹುಟ್ಟಿತು. ಸೇರುವಾಗಿನ ವಯಸ್ಸಿಗೆ ನಿಗದಿಯಾದ ಕಂತು ಕೊನೆಯತನಕ ಅದೇ ಇರುವ ಪದ್ಧತಿ ಇಂದಿಗೂ ನಡೆದಿದೆ. 25ರಲ್ಲಿ ಮಾಡಿಸಿದವರಿಗೂ 40ರಲ್ಲಿ ಮಾಡಿಸಿದವರಿಗೂ ದರದಲ್ಲಿ ಬಹಳ ಅಂತರ ಬರುವುದು ಇದರಿಂದಲೇ. ಪಾಲಿಸಿ ಪಡೆದ ಮೇಲೆ ಸಕ್ಕರೆ ಕಾಯಿಲೆ ಬಂದರೂ ಸಾಮಾನ್ಯ ಜೀವವಿಮೆಯ ಕಂತು ಏರುವುದಿಲ್ಲ.

ನಮ್ಮ ದೇಶದಲ್ಲಿ ಈ ‘ಅಪಾಯದ ಲೆಕ್ಕ’ವನ್ನು ಅವಮಾನಕರವಾಗಿ ಬಳಸಿದ ಕಾಲವೂ ಇತ್ತು. ಬ್ರಿಟಿಷರ ಆಡಳಿತದಲ್ಲಿ ಯೂರೋಪಿನ ಕಂಪನಿಗಳು ಭಾರತೀಯರ ಜೀವಕ್ಕೆ ವಿಮೆ ಮಾಡುತ್ತಲೇ ಇರಲಿಲ್ಲ, ಮಾಡಿದರೆ ಹೆಚ್ಚಿನ ಕಂತು ಕೇಳುತ್ತಿದ್ದವು. ಮನುಷ್ಯ ಎಷ್ಟೇ ಗಟ್ಟಿಮುಟ್ಟಾಗಿರಲಿ, ಭಾರತೀಯನಾಗಿದ್ದರೆ ಸಾಕು, ದರ ಏರುತ್ತಿತ್ತು. 1870ರಲ್ಲಿ ಸ್ಥಾಪನೆಯಾದ ಬಾಂಬೆ ಮ್ಯೂಚುಯಲ್ ಸಂಸ್ಥೆ ಭಾರತೀಯರಿಗೂ ಸಾಮಾನ್ಯ ದರದಲ್ಲಿ ವಿಮೆ ಕೊಡಲು ಮುಂದಾಯಿತು. ಒಬ್ಬ ವ್ಯಕ್ತಿಯ ದೇಹಸ್ಥಿತಿಯನ್ನು ನೋಡಿ ದರ ಕಟ್ಟುವುದು ಬೇರೆ, ಅವನ ಕುಲಗೋತ್ರ ನೋಡಿ ಕಟ್ಟುವುದು ಬೇರೆ ಎಂಬ ವಿವೇಕ ವಿಮೆಗೆ ತಾನಾಗಿ ಬಂದದ್ದಲ್ಲ.

ವೈದ್ಯರು ಏನು ನೋಡುತ್ತಾರೆ?

ಎತ್ತರ, ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ. ದೊಡ್ಡ ಮೊತ್ತವಾದರೆ ರಕ್ತ, ಮೂತ್ರ, ಇ.ಸಿ.ಜಿ. ಇದೆಲ್ಲವನ್ನೂ ಒಂದು ಅಂಕಪಟ್ಟಿಯಾಗಿ ಮಾಡುವ ಪದ್ಧತಿಯನ್ನು 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ನ್ಯೂಯಾರ್ಕ್ ಲೈಫ್ ಕಂಪನಿ ರೂಢಿಗೆ ತಂದಿತು. ನಿಮ್ಮ ಪರೀಕ್ಷೆಯ ಅಂಕಪಟ್ಟಿಗೆ ಇದು ತದ್ವಿರುದ್ಧ, ಇಲ್ಲಿ ಅಂಕ ಹೆಚ್ಚಿದಷ್ಟೂ ನಷ್ಟ. ಸಾಮಾನ್ಯ ಆರೋಗ್ಯದವನಿಗೆ 100. ರಕ್ತದೊತ್ತಡಕ್ಕೆ 50, ಬೊಜ್ಜಿಗೆ 25 ಸೇರಿದರೆ 175. ಅಂದರೆ ಈತನಂಥವರಲ್ಲಿ ಸಾವಿನ ಪ್ರಮಾಣ ಸಾಮಾನ್ಯಕ್ಕಿಂತ ಮುಕ್ಕಾಲು ಪಾಲು ಹೆಚ್ಚು ಎಂದು ಅಂದಾಜು. ನಮ್ಮ ಮೊದಲ ಗುಂಪಿನ 200 ರೂಪಾಯಿ ಈತನಿಗೆ 350 ಆಗುತ್ತದೆ. ಅಂಕ ತೀರಾ ಏರಿದರೆ ವಿಮೆ ಕೊಡುವುದನ್ನು ಮುಂದೂಡುತ್ತಾರೆ, ಇಲ್ಲವೇ ನಿರಾಕರಿಸುತ್ತಾರೆ.

ರಕ್ತದೊತ್ತಡದ ಕಥೆ ಸ್ವಾರಸ್ಯವಾಗಿದೆ. ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಉಪಕರಣವನ್ನು ಇಟಲಿಯ ರಿವಾ-ರೋಚಿ 1896ರಲ್ಲಿ ವಿವರಿಸಿದ. ಆಗ ಅನೇಕ ವೈದ್ಯರು, ವಯಸ್ಸಾದಂತೆ ಒತ್ತಡ ಏರುವುದು ಸಹಜ, ಅದು ದೇಹಕ್ಕೆ ಬೇಕಾದದ್ದೇ ಎಂದು ನಂಬಿದ್ದರು. ಆದರೆ ವಿಮೆಯವರ ಬಳಿ ಒಂದು ಅನುಕೂಲವಿತ್ತು. ಪಾಲಿಸಿ ಕೊಡುವಾಗ ಒತ್ತಡವೆಷ್ಟಿತ್ತು, ಅವರಲ್ಲಿ ಯಾರು ಯಾವಾಗ ತೀರಿಕೊಂಡರು ಎಂಬ ಸಾವಿರಾರು ಜನರ ಲೆಕ್ಕ ಅವರ ಕಡತದಲ್ಲಿತ್ತು. 1925ರಲ್ಲಿ ಅಮೆರಿಕದ ವಿಮಾ ವೈದ್ಯರೂ ವಿಮಾ ಗಣಿತಜ್ಞರೂ ಕೂಡಿ ಪ್ರಕಟಿಸಿದ ವರದಿಯಲ್ಲಿ, ಒತ್ತಡ ಏರಿದಂತೆಲ್ಲ ಸಾವಿನ ಪ್ರಮಾಣವೂ ಏರುವುದು ಸ್ಪಷ್ಟವಾಗಿ ಕಂಡಿತು. ಆಸ್ಪತ್ರೆಗಳಿಗಿಂತ ಮೊದಲೇ ಹಣದ ಲೆಕ್ಕ ಬರೆಯುವವರಿಗೆ ಇದು ಹೊಳೆಯಿತು ಎಂಬುದು ಗಮನಿಸುವಂಥದ್ದು.

ತೂಕಕ್ಕೆ ಒಂದು ಸರಳ ಸೂತ್ರವಿದೆ. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ. 1.60 ಮೀಟರ್ ಎತ್ತರದ, 64 ಕಿಲೋ ತೂಕದ ವಯಸ್ಕನಿಗೆ 25 ಬರುತ್ತದೆ. ಯೂರೋಪಿನವರಿಗೆ 25ರವರೆಗೆ ಚಿಂತೆಯಿಲ್ಲ ಎನ್ನುತ್ತಾರೆ. ನಮ್ಮ ದೇಶದವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಕಾಣಿಸುವುದರಿಂದ ವೈದ್ಯರು 23ಕ್ಕೇ ಎಚ್ಚರಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು ಎಂಬುದೂ ನಮಗಾಗಿ ಹಾಕಿದ ಗೆರೆಯೇ. ಸಕ್ಕರೆ ಕಾಯಿಲೆ ಇದ್ದವರಿಗೆ ವಿಮೆ ಸಿಗುವುದೇ ಇಲ್ಲ ಎಂಬ ಮಾತು ನಿಜವಲ್ಲ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರುವ ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆಯಲ್ಲಿ ಕಾಯಿಲೆ ಹತೋಟಿಯಲ್ಲಿದೆ ಎಂದು ಕಂಡರೆ, ಸ್ವಲ್ಪ ಹೆಚ್ಚಿನ ಕಂತಿಗೆ ಕೊಡುವುದುಂಟು. ಪರೀಕ್ಷೆಯ ಹಿಂದಿನ ದಿನ ಸಿಹಿ ಬಿಟ್ಟು ಜಾಣತನ ತೋರಿದರೆ ಈ ಪರೀಕ್ಷೆ ಮೋಸಹೋಗುವುದಿಲ್ಲ!

ಹೊಗೆ ಮತ್ತು ಹೊಗೆಸೊಪ್ಪು

ಜೀವನಕ್ರಮದ ಅಭ್ಯಾಸಗಳಲ್ಲಿ ಕಂತಿನ ಮೇಲೆ ಅತಿ ಹೆಚ್ಚು ಪರಿಣಾಮ ಬೀರುವುದು ತಂಬಾಕು. ಟರ್ಮ್ ಪಾಲಿಸಿಯಲ್ಲಿ ಸೇದುವವರ ಕಂತು ಸೇದದವರಿಗಿಂತ ಒಂದೂವರೆ ಪಟ್ಟು ಆಗುವುದು ಅಪರೂಪವೇನಲ್ಲ. ಇದಕ್ಕೆ ಆಧಾರವಿದೆ. ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಬ್ರಿಟನ್ನಿನ ವೈದ್ಯರ ಧೂಮಪಾನದ ಅಭ್ಯಾಸವನ್ನು ದಾಖಲಿಸಲು ಆರಂಭಿಸಿದರು. ಐವತ್ತು ವರ್ಷಗಳ ಫಲಿತಾಂಶ 2004ರಲ್ಲಿ ಹೊರಬಂತು. ಜೀವನಪೂರ್ತಿ ಸಿಗರೇಟು ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡಿದ್ದರು. 60ರಲ್ಲಿ ಬಿಟ್ಟವರು ಸುಮಾರು 3 ವರ್ಷ, 50ರಲ್ಲಿ ಬಿಟ್ಟವರು 6, 40ರಲ್ಲಿ ಬಿಟ್ಟವರು 9 ವರ್ಷ ಮರಳಿ ಗಳಿಸಿದ್ದರು. 30ಕ್ಕೇ ಬಿಟ್ಟವರಿಗೆ ಹತ್ತೂ ವರ್ಷ ಹೆಚ್ಚುಕಡಿಮೆ ಮರಳಿ ಸಿಕ್ಕಿತ್ತು. ಕಾಲೇಜಿನ ಗೇಟಿನಾಚೆ ಮೊದಲ ಸಿಗರೇಟು ಹಚ್ಚುವ ಗೆಳೆಯನಿಗೆ ಈ ಅಂಕಿಗಳನ್ನು ಓದಿ ಹೇಳಿ. ಉಪದೇಶಕ್ಕಿಂತ ಇದು ವಾಸಿ.

‘ನಾನು ಸೇದುವುದಿಲ್ಲ, ಎಲೆಅಡಿಕೆಗೆ ಚೂರು ಹೊಗೆಸೊಪ್ಪು ಅಷ್ಟೇ’ ಎನ್ನುವವರು ನಮ್ಮಲ್ಲಿ ಬಹಳ. ಪ್ರಸ್ತಾವನಾ ಪತ್ರದಲ್ಲಿರುವ ಪ್ರಶ್ನೆ ತಂಬಾಕಿನ ಬಗ್ಗೆ, ಬರೀ ಹೊಗೆಯ ಬಗ್ಗೆ ಅಲ್ಲ. ಕಡ್ಡಿಪುಡಿ, ಗುಟ್ಕಾ, ನಶ್ಯ ಎಲ್ಲವೂ ಅದರಲ್ಲಿ ಸೇರುತ್ತವೆ. ನಿಕೋಟಿನ್ ದೇಹದಲ್ಲಿ ಕೋಟಿನಿನ್ ಎಂಬ ವಸ್ತುವಾಗಿ ಮಾರ್ಪಟ್ಟು ಕೆಲವು ದಿನ ಉಳಿಯುತ್ತದೆ. ಮೂತ್ರಪರೀಕ್ಷೆಯಲ್ಲಿ ಅದು ಸಿಕ್ಕಿಬಿಡುತ್ತದೆ, ತಂಬಾಕು ಬಾಯಿಂದ ಹೋಯಿತೋ ಶ್ವಾಸದಿಂದ ಹೋಯಿತೋ ಎಂದು ಅದು ಭೇದ ಮಾಡುವುದಿಲ್ಲ.

ಮದ್ಯದ ಬಗ್ಗೆ ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂದು ಕೇಳುತ್ತಾರೆ. ತಂದೆತಾಯಿ, ಒಡಹುಟ್ಟಿದವರು ಚಿಕ್ಕ ವಯಸ್ಸಿನಲ್ಲೇ ಹೃದ್ರೋಗದಿಂದ ತೀರಿಕೊಂಡಿದ್ದರೆ ಅದನ್ನೂ ಕೇಳುತ್ತಾರೆ. ಗಣಿ, ಸಿಡಿಮದ್ದು ಮುಂತಾದ ಕೆಲಸಗಳಿಗೆ ಬೇರೆ ಲೆಕ್ಕ.

ಇಲ್ಲೊಂದು ಸೂಕ್ಷ್ಮವಿದೆ. ಅವಧಿ ಮುಗಿದಾಗ ಹಣ ಮರಳಿ ಬರುವ ಎಂಡೋಮೆಂಟ್ ಪಾಲಿಸಿಯ ಕಂತಿನಲ್ಲಿ ಬಹುಪಾಲು ಉಳಿತಾಯ, ಸಾವಿನ ಅಪಾಯಕ್ಕೆ ಹೋಗುವುದು ಸಣ್ಣ ಪಾಲು. ಆದ್ದರಿಂದ ಆರೋಗ್ಯದ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಟರ್ಮ್ ಪಾಲಿಸಿಯಲ್ಲಿ ಕೊಡುವುದೆಲ್ಲ ಅಪಾಯದ ಬೆಲೆಯೇ, ಅಲ್ಲಿ ಅದು ಎದ್ದು ಕಾಣುತ್ತದೆ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಜೀವವಿಮೆಯ ಕಂತಿನ ಮೇಲೆ ಜಿ.ಎಸ್.ಟಿ. ಇಲ್ಲವಾಗಿರುವುದು ಎಲ್ಲರಿಗೂ ಸಿಕ್ಕ ರಿಯಾಯಿತಿ. ಅದಕ್ಕೂ ಆರೋಗ್ಯಕ್ಕೂ ಸಂಬಂಧವಿಲ್ಲ.

ಹಾಗಾದರೆ ವಿಮೆಯವರು ಯಾರನ್ನು ಬೇಕಾದರೂ ಹೊರಗಿಡಬಹುದೇ? ಇಲ್ಲ. ಜೀವವಿಮಾ ನಿಗಮವು ಒಂದು ಟರ್ಮ್ ಪಾಲಿಸಿಯನ್ನು ಸರಕಾರಿ ಹಾಗೂ ದೊಡ್ಡ ಸಂಸ್ಥೆಗಳ ಸಂಬಳದಾರರಿಗೆ ಮಾತ್ರ ಮೀಸಲಿಟ್ಟಿದ್ದನ್ನು ಸುಪ್ರೀಂ ಕೋರ್ಟು 1995ರಲ್ಲಿ ಒಪ್ಪಲಿಲ್ಲ. ಎಚ್.ಐ.ವಿ. ಇರುವವರಿಗೆ, ವಿಮಾ ಗಣಿತದ ಅಧ್ಯಯನದ ಆಧಾರವಿಲ್ಲದೆ, ವಿಮೆ ನಿರಾಕರಿಸುವುದನ್ನು 2017ರ ಕಾಯಿದೆ ತಾರತಮ್ಯವೆಂದು ಕರೆದಿದೆ. ಆದರೂ ನನಗೊಂದು ಅತೃಪ್ತಿ ಉಳಿದೇ ಇದೆ. ಬೀಡಿ ಬಿಡುವುದು ಮನುಷ್ಯನ ಕೈಯಲ್ಲಿದೆ ಎನ್ನೋಣ. ಕಲ್ಲಿನ ಕ್ವಾರಿಯ ದೂಳನ್ನು ಕೂಲಿಯವನು ಹೇಗೆ ಬಿಟ್ಟಾನು? ವಿಮೆಯ ಅಂಕಪಟ್ಟಿಯಲ್ಲಿ ಎರಡೂ ಒಂದೇ ರೀತಿ ಕೂಡಿಕೆಯಾಗುತ್ತವೆ.

‘ಇಲ್ಲ, ಇಲ್ಲ, ಇಲ್ಲ’

ಈಗ ನಿಮಗೆ ನೇರವಾಗಿ ಸಂಬಂಧಿಸಿದ ವಿಷಯ. ನಿಮ್ಮ ದುಡಿಮೆಯನ್ನು ನಂಬಿಕೊಂಡವರು ಇನ್ನೂ ಯಾರೂ ಇಲ್ಲದಿದ್ದರೆ ನಿಮಗೆ ಇಂದೇ ಜೀವವಿಮೆಯ ತುರ್ತಿಲ್ಲ. ಆದರೆ ನಿಮ್ಮ ಮನೆಯಲ್ಲಿ ದುಡಿಯುವವರ ಪ್ರಸ್ತಾವನಾ ಪತ್ರ ತುಂಬುವಾಗ ನೀವು ಪಕ್ಕದಲ್ಲಿ ಇರಬೇಕು. ಅದು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ‘ಸಹಿ ಹಾಕಿ ಸಾರ್, ಉಳಿದದ್ದು ನಾನು ತುಂಬಿಕೊಳ್ಳುತ್ತೇನೆ’ ಎನ್ನುವ ಏಜೆಂಟರಿಗೆ ಕೊರತೆಯಿಲ್ಲ. ಆರೋಗ್ಯದ ಪ್ರಶ್ನೆಗಳ ಮುಂದೆ ಸಾಲಾಗಿ ‘ಇಲ್ಲ’ ಎಂದು ಬರೆದರೆ ಕಂತು ಕಡಿಮೆ, ಕೆಲಸ ಬೇಗ. ಅದರ ಬೆಲೆ ತೆರುವವರು ಮಾತ್ರ ಮನೆಯವರು, ಅದೂ ಸಾವಿನ ದುಃಖದ ನಡುವೆ.

ಕಾನೂನು ಹೀಗಿದೆ. 1938ರ ವಿಮಾ ಕಾಯಿದೆಯ 45ನೇ ಸೆಕ್ಷನ್, 2015ರ ತಿದ್ದುಪಡಿಯಾದ ಮೇಲೆ, ಮೂರು ವರ್ಷದ ಗಡುವು ಹಾಕಿದೆ. ಅದರೊಳಗೆ, ವಿಮೆ ಕೊಡುವ ತೀರ್ಮಾನವನ್ನೇ ಬದಲಿಸಬಹುದಾಗಿದ್ದ ಸಂಗತಿಯನ್ನು ಮುಚ್ಚಿಟ್ಟದ್ದು ಕಂಡುಬಂದರೆ ಕಂಪನಿ ಪಾಲಿಸಿಯನ್ನು ರದ್ದು ಮಾಡಬಹುದು. ವಂಚನೆಯ ಉದ್ದೇಶ ಇರಲಿಲ್ಲವೆಂದಾದರೆ ಕಟ್ಟಿದ ಕಂತುಗಳಷ್ಟೇ ಮರಳುತ್ತವೆ, ವಿಮೆಯ ಮೊತ್ತ ಬರುವುದಿಲ್ಲ. ಮೂರು ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ.

ಆದ್ದರಿಂದ ಪ್ರಶ್ನೆಗಳನ್ನು ಒಂದೊಂದಾಗಿ ಕನ್ನಡದಲ್ಲಿ ಓದಿ ಹೇಳಿ. ರಕ್ತದೊತ್ತಡದ ಮಾತ್ರೆ, ಹಳೆಯ ಆಸ್ಪತ್ರೆ ವಾಸ, ಬೇರೆ ಕಡೆ ಇರುವ ಪಾಲಿಸಿ, ದಿನಕ್ಕೆ ಎರಡೇ ಬೀಡಿ ಆದರೂ ಸರಿ, ಇದ್ದದ್ದನ್ನು ಇದ್ದಂತೆ ಬರೆಸಿ. ಅರ್ಜಿದಾರರು ಕನ್ನಡದಲ್ಲಿ ಸಹಿ ಮಾಡಿದರೆ, ಪ್ರಶ್ನೆಗಳನ್ನು ಅವರಿಗೆ ವಿವರಿಸಿದವರ ಘೋಷಣೆಗೂ ಪತ್ರದಲ್ಲಿ ಜಾಗವಿರುತ್ತದೆ. ಅದು ಖಾಲಿ ಉಳಿಯದಿರಲಿ. ತುಂಬಿದ ಪತ್ರದ ಪ್ರತಿ ಪಾಲಿಸಿಯ ಜೊತೆ ಮನೆಗೆ ಬಂದಾಗ ಮತ್ತೊಮ್ಮೆ ಓದಿ, ತಪ್ಪಿದ್ದರೆ ಕೂಡಲೇ ಬರಹದಲ್ಲಿ ತಿಳಿಸಿ.

ಇನ್ನೊಂದು ಮಾತು ಅನೇಕರಿಗೆ ಗೊತ್ತಿರುವುದಿಲ್ಲ. ಕಂತು ಕಟ್ಟದೆ ಪಾಲಿಸಿ ನಿಂತುಹೋಗಿ, ಮತ್ತೆ ಹಣ ಕಟ್ಟಿ ಚಾಲೂ ಮಾಡಿಸುವಾಗ ಆರೋಗ್ಯದ ಘೋಷಣೆಯನ್ನು ಹೊಸದಾಗಿ ಕೇಳಬಹುದು. ಆ ನಡುವೆ ಬಂದ ಕಾಯಿಲೆಯನ್ನು ಅದರಲ್ಲಿ ಬರೆಯಲೇಬೇಕು. ಮೂರು ವರ್ಷದ ಎಣಿಕೆಯೂ ಚಾಲೂ ಮಾಡಿಸಿದ ಆ ದಿನದಿಂದ ಮತ್ತೆ ಮೊದಲಾಗುತ್ತದೆ.