ಕರಿಬಟ್ಟೆಯೊಳಗೆ ಕಣ್ಣಿಗೊಂದು ಪರೀಕ್ಷೆ

ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾದ ರಚನೆ ತೀರಾ ಸರಳ. ಮುಂದೆ ಲೆನ್ಸು, ಹಿಂದೆ ಸಾಮಾನ್ಯವಾಗಿ 4x5 ಇಂಚಿನ ಉಜ್ಜಿದ ಗಾಜು, ನಡುವೆ ಹಾರ್ಮೋನಿಯಂ ತಿದಿಯಂಥ ಬೆಲ್ಲೋಸ್. ಲೆನ್ಸಿನಿಂದ ಬಂದ ಬೆಳಕು ಗಾಜಿನ ಮೇಲೆ ತಲೆಕೆಳಗಾದ ಚಿತ್ರವಾಗಿ ಬೀಳುತ್ತದೆ. ಛಾಯಾಗ್ರಾಹಕರು ಕರಿಬಟ್ಟೆ ಹೊದ್ದು, ಗುಂಡಿ ತಿರುಗಿಸುತ್ತ ಚಿತ್ರ ಸ್ಪಷ್ಟವಾಗುವ ಜಾಗ ಹುಡುಕಬೇಕು. ಫಿಲ್ಮ್ ಬಂದು ಕೂರುವುದು ಗಾಜಿನ ಮೈ ಇದ್ದ ಜಾಗದಲ್ಲೇ. ಹಗಲಲ್ಲಿ ಇದು ಖುಷಿಯ ಕೆಲಸ. ಕಲ್ಲುಕಟ್ಟಡದ ಒಳಗೋ ಮುಸ್ಸಂಜೆಯ ಬೀದಿಯಲ್ಲೋ ಕ್ಯಾಮೆರಾ ನಿಲ್ಲಿಸಿದರೆ ಗಾಜಿನಲ್ಲಿ ಬೂದು ಬಣ್ಣ ಬಿಟ್ಟು ಬೇರೇನೂ ಕಾಣುವುದಿಲ್ಲ.

ಮೊದಲ ಕಾರಣ ಲೆನ್ಸು. 4x5 ಇಂಚಿನ ಫಿಲ್ಮಿಗೆ ಸಾಮಾನ್ಯವಾಗಿ ಬಳಸುವ 150 ಮಿ.ಮೀ. ಲೆನ್ಸು ಪೂರ್ತಿ ತೆರೆದರೂ ಹೆಚ್ಚಾಗಿ ಎಫ್/5.6 ಅಷ್ಟೇ. ಸಣ್ಣ ಕ್ಯಾಮೆರಾಗಳ ಎಫ್/1.4 ಲೆನ್ಸಿಗೆ ಹೋಲಿಸಿದರೆ ಚಿತ್ರದ ಬೆಳಕು ಹದಿನಾರನೇ ಒಂದು ಪಾಲು. 150 ಮಿ.ಮೀ. ಲೆನ್ಸನ್ನು ಎಫ್/1.4 ಮಾಡಬೇಕೆಂದರೆ ಅದರ ಬಾಯಿಯೇ 107 ಮಿ.ಮೀ. ಅಗಲವಿರಬೇಕು, ಅಷ್ಟು ದಪ್ಪ ಗಾಜನ್ನು ಹೊರುವವರು ಯಾರು? ಎರಡನೇ ಕಾರಣ ಉಜ್ಜಿದ ಗಾಜು. ಅದರ ಮೂಲೆಗಳಿಗೆ ಬೆಳಕು ಓರೆಯಾಗಿ ಬಂದು ಬಹುಪಾಲು ಓರೆಯಾಗಿಯೇ ಮುಂದೆ ಹೋಗುತ್ತದೆ, ಕಣ್ಣಿನ ಕಡೆಗೆ ತಿರುಗುವುದಿಲ್ಲ. ವರ್ತುಲಾಕಾರದ ಗೀರುಗಳಿರುವ ಫ್ರೆನೆಲ್ ಲೆನ್ಸಿನ ತೆಳು ಹಾಳೆ ಸೇರಿಸಿದರೆ ಆ ಕಿರಣಗಳು ಕಣ್ಣಿನತ್ತ ಬಾಗಿ ಮೂಲೆಗಳು ಬೆಳಗುತ್ತವೆ. ಆದರೆ ಲೆನ್ಸಿನೊಳಗೆ ಬಾರದ ಬೆಳಕನ್ನು ಯಾವ ಹಾಳೆಯೂ ತಂದುಕೊಡಲಾರದು.

ನಿಜವಾದ ತೊಡಕು ಇರುವುದು ನಮ್ಮ ಕಣ್ಣಿನಲ್ಲೇ. ಅಕ್ಷಿಪಟಲದಲ್ಲಿ ಎರಡು ಬಗೆಯ ಗ್ರಾಹಕ ಕೋಶಗಳಿವೆ. ಶಂಕುಕೋಶಗಳು ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಗ್ರಹಿಸುತ್ತವೆ, ಆದರೆ ಅವಕ್ಕೆ ಸಾಕಷ್ಟು ಬೆಳಕು ಬೇಕು. ದಂಡಕೋಶಗಳಿಗೆ ಅತ್ಯಲ್ಪ ಬೆಳಕು ಸಾಕು. ಆದರೆ ಅನೇಕ ದಂಡಕೋಶಗಳ ಸಂಕೇತ ಒಟ್ಟುಗೂಡಿ ಮುಂದಕ್ಕೆ ಹೋಗುವುದರಿಂದ ಅವು ಕೊಡುವ ಚಿತ್ರದಲ್ಲಿ ವಿವರ ಇರುವುದಿಲ್ಲ. ಅಕ್ಷಿಪಟಲದ ನಡುವೆ ಒಂದು ಪುಟ್ಟ ಗುಳಿ ಇದೆ. ಓದುವಾಗ, ಸೂಜಿಗೆ ದಾರ ಪೋಣಿಸುವಾಗ, ಏನನ್ನಾದರೂ ನೇರವಾಗಿ ದಿಟ್ಟಿಸುವಾಗ ನಾವು ಬಳಸುವುದು ಅದನ್ನೇ. ಅದರ ನಟ್ಟನಡುವೆ ಶಂಕುಕೋಶಗಳು ಕಿಕ್ಕಿರಿದಿವೆ, ದಂಡಕೋಶ ಒಂದೂ ಇಲ್ಲ. ಮಂಕಾದ ನಕ್ಷತ್ರ ನೇರ ನೋಡಿದರೆ ಮರೆಯಾಗಿ, ಪಕ್ಕಕ್ಕೆ ದೃಷ್ಟಿ ಸರಿಸಿದರೆ ಕಾಣುವುದು ಇದರಿಂದಲೇ. ಫೋಕಸ್ ಮಾಡಲು ಬೇಕಾದದ್ದು ಆ ಗುಳಿ, ಮಬ್ಬಿನಲ್ಲಿ ಮೊದಲು ಸೋಲುವುದೂ ಅದೇ. ಕರಿಬಟ್ಟೆಯೊಳಗೆ ಅರ್ಧ ಗಂಟೆ ಕೂತರೆ ದಂಡಕೋಶಗಳು ಕತ್ತಲಿಗೆ ಹೊಂದಿಕೊಂಡು ಕಂಬ, ಬಾಗಿಲು ಎಲ್ಲಿವೆ ಎಂದು ತಿಳಿಯುತ್ತದೆ, ಚೌಕಟ್ಟು ಕೂರಿಸಲು ಅಷ್ಟು ಸಾಕು. ಕಂಬದ ಕೆತ್ತನೆ ಸ್ಪಷ್ಟವಾಗಿದೆಯೇ ಎಂದು ಮಾತ್ರ ತಿಳಿಯುವುದಿಲ್ಲ. ಹೆಚ್ಚು ಹಿಗ್ಗಿಸುವ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದರೆ ಗಾಜಿನ ತರಿಯೇ ದೊಡ್ಡದಾಗಿ ಕಂಡು ಗೊಂದಲ ಹೆಚ್ಚುತ್ತದೆ. ನಾಲ್ಕರಿಂದ ಆರು ಪಟ್ಟು ಹಿಗ್ಗಿಸುವುದು ಸಾಕು.

ಹಾಗಾಗಿ ಕಣ್ಣಿಗೆ ವಿವರ ಹುಡುಕುವ ಕೆಲಸವನ್ನೇ ಕೊಡಬಾರದು, ಒಂದು ಚುಕ್ಕೆ ಕೊಡಬೇಕು. ಫೋಕಸ್ ಆಗಬೇಕಾದ ಜಾಗದಲ್ಲಿ ಸಣ್ಣ ಟಾರ್ಚನ್ನು ಲೆನ್ಸಿನ ಕಡೆಗೆ ಮುಖಮಾಡಿ ಇಡಿ. ಶಂಕುಕೋಶಗಳು ಕೆಲಸಕ್ಕೆ ಇಳಿಯುವಷ್ಟು ಬೆಳಕು ಆ ಒಂದು ಚುಕ್ಕೆಯಲ್ಲಿದೆ. ಫೋಕಸ್ ತಪ್ಪಿದಾಗ ಚುಕ್ಕೆ ಬಿಲ್ಲೆಯಾಗಿ ಹರಡುತ್ತದೆ, ಸರಿಯಾದಾಗ ಅತಿ ಚಿಕ್ಕದಾಗಿ, ಅತಿ ಪ್ರಖರವಾಗಿ ನಿಲ್ಲುತ್ತದೆ. ಎಲ್ಲಿ ಚಿಕ್ಕದು ಎಂಬ ಅನುಮಾನ ಉಳಿದರೆ ಗುಂಡಿಯನ್ನು ಆಚೆ ತಿರುಗಿಸಿ ಚುಕ್ಕೆ ಹರಡತೊಡಗುವ ಕಡೆ ಒಂದು ಗುರುತು, ಈಚೆ ತಿರುಗಿಸಿ ಇನ್ನೊಂದು ಗುರುತು ಹಾಕಿ, ನಡುವೆ ನಿಲ್ಲಿಸಬೇಕು. ಲೇಸರ್ ಪಾಯಿಂಟರಿನಿಂದ ಗೋಡೆಯ ಮೇಲೆ ಚುಕ್ಕೆ ಮೂಡಿಸುವವರೂ ಇದ್ದಾರೆ. ನಾನು ಟಾರ್ಚಿನ ಪಕ್ಷ. ಹೊಳಪಿನ ಮೈ ತಾಗಿದ ಲೇಸರ್ ಕಿರಣ ತಿರುಗಿ ಕಣ್ಣಿಗೆ ಬಡಿಯಬಹುದು, ಲೆನ್ಸಿನತ್ತಲಂತೂ ಅದನ್ನು ಎಂದಿಗೂ ಹಿಡಿಯಬಾರದು.

ನ್ಯೂಯಾರ್ಕಿನ ರಾತ್ರಿ ಸುದ್ದಿ ಛಾಯಾಗ್ರಾಹಕ ವೀಜೀ ಕಣ್ಣನ್ನು ಪೂರ್ತಿ ಬದಿಗಿಟ್ಟಿದ್ದರು. ನಿಜ ಹೆಸರು ಆರ್ಥರ್ ಫೆಲಿಗ್. 1930 ಮತ್ತು 40ರ ದಶಕಗಳಲ್ಲಿ ಕೊಲೆ, ಬೆಂಕಿ, ಅಪಘಾತದ ಜಾಗಗಳಿಗೆ 4x5 ಇಂಚಿನ ಸ್ಪೀಡ್ ಗ್ರಾಫಿಕ್ ಕ್ಯಾಮೆರಾ ಹೊತ್ತು ಧಾವಿಸುತ್ತಿದ್ದ ಅವರು ಫೋಕಸನ್ನು 10 ಅಡಿಗೆ, ಲೆನ್ಸನ್ನು ಎಫ್/16ಕ್ಕೆ ಮೊದಲೇ ನಿಲ್ಲಿಸಿ ಫ್ಲ್ಯಾಶ್ ಬಲ್ಬು ಹೊಡೆಯುತ್ತಿದ್ದರು. 127 ಮಿ.ಮೀ. ಲೆನ್ಸಾದರೆ ಆ ಹೊಂದಿಕೆಯಲ್ಲಿ ಎರಡೂವರೆ ಮೀಟರಿನಿಂದ ನಾಲ್ಕು ಮೀಟರಿನವರೆಗೆ ನಿಂತವರೆಲ್ಲ ಸ್ಪಷ್ಟವಾಗಿಯೇ ಬರುತ್ತಾರೆ. ಮುಂದೆ ಗ್ರಾಫ್ಲೆಕ್ಸ್ ಕಂಪನಿ, ವಸ್ತುವಿನ ದೂರ ಗುರುತಿಸುವ ರೇಂಜ್‌ಫೈಂಡರಿನ ಮೂಲಕ ಎರಡು ಬೆಳಕಿನ ಕಿರಣ ಹಾಯಿಸುವ ರೇಂಜ್‌ಲೈಟ್ ತಂದಿತು. ಎರಡೂ ಕಿರಣಗಳ ಚುಕ್ಕೆಗಳು ವಸ್ತುವಿನ ಮೇಲೆ ಒಂದಾದರೆ ಫೋಕಸ್ ಸರಿ.

ಅಂಥ ಉಪಕರಣ ಇಲ್ಲದವರಿಗೆ ಅಳತೆಯ ಟೇಪು ಇದೆ. 150 ಮಿ.ಮೀ. ಲೆನ್ಸನ್ನು ಹಗಲಲ್ಲಿ ದೂರದ ಬೆಟ್ಟಕ್ಕೆ ಫೋಕಸ್ ಮಾಡಿ ಕ್ಯಾಮೆರಾದ ಹಳಿಯ ಮೇಲೆ ಗೆರೆ ಹಾಕಿಕೊಳ್ಳಬೇಕು. ಅಲ್ಲಿಂದ ಲೆನ್ಸನ್ನು 4.6 ಮಿ.ಮೀ. ಮುಂದಕ್ಕೆ ಸರಿಸಿದರೆ 5 ಮೀಟರ್ ದೂರದ ವಸ್ತು, 7.9 ಮಿ.ಮೀ. ಸರಿಸಿದರೆ 3 ಮೀಟರ್, 12.2 ಮಿ.ಮೀ. ಸರಿಸಿದರೆ 2 ಮೀಟರ್ ದೂರದ್ದು ಸ್ಪಷ್ಟವಾಗುತ್ತದೆ. ಎಫ್/5.6ರಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಆದರೂ ನಡೆಯುತ್ತದೆ, ಎಫ್/22ಕ್ಕೆ ಇಳಿಸಿದರೆ ಎರಡು ಮಿಲಿಮೀಟರಿನವರೆಗೂ. ಕಾಗದದ ಪಟ್ಟಿಯ ಮೇಲೆ ಈ ಗೆರೆಗಳನ್ನು ಎಳೆದು ಹಳಿಗೆ ಅಂಟಿಸಿಕೊಂಡರೆ, ಗಾಜಿನಲ್ಲಿ ಏನೂ ಕಾಣದ ಹೊತ್ತಿನಲ್ಲೂ ಟೇಪಿನಿಂದ ವಸ್ತುವಿನ ದೂರ ಅಳೆದು ಫೋಕಸ್ ನಿಲ್ಲಿಸಬಹುದು.